ದಾವಲಸಾಬನ ನಿದ್ದೆಯ ಚಿತ್ರ

ಆಗಸ್ಟಿನ ನಡುರಾತ್ರಿ. ಹೊರಗೆ ದೋಹಾ ಬೆವರುತ್ತಿದೆ,
ಕಾರಿಡಾರಿನ ಗಾಜಿನ ಹೊರಮೈಗೆ ಹಬೆ ಕಟ್ಟಿ
ರಸ್ತೆಯ ದೀಪಗಳೆಲ್ಲ ನೀರಲ್ಲಿ ನೆಂದ ಅಕ್ಷರ.
ಕೆಳಗೆ ನೆಲಮಾಳಿಗೆಯಲ್ಲಿ ನಾನು, ಸ್ವೆಟರು, ಯಂತ್ರ.

ನಮಗೆ ಬೇಕಾದದ್ದು ನಿದ್ದೆ ಮಾಡುವವರು.
ತಲೆಗೆ ತಂತಿಯ ಟೋಪಿ, ಸುತ್ತ ಕೊಳವೆ,
ಕಿವಿಯ ಬುಡದಲ್ಲೇ ಕುಟ್ಟುವ ಸದ್ದು,
ಅದರೊಳಗೆ ನಿದ್ದೆ ಮಾಡುವವರು.
ಬ್ಯಾಂಕಿನವ ಬಂದ, ಬೆವರಿದ, ಗುಂಡಿ ಒತ್ತಿ ಹೊರಬಂದ.
ಪ್ರೊಫೆಸರರ ಶಿಷ್ಯೆ ಬೆಳಗಿನವರೆಗೂ
ಕಣ್ಣು ಮುಚ್ಚಿಕೊಂಡೇ ಎಚ್ಚರವಿದ್ದಳು.

ಆಮೇಲೆ ದಾವಲಸಾಬ ನದಾಫ, ಮುಂಡರಗಿ ಕಡೆಯವನು.
ಎ.ಸಿ. ಡಕ್ಟಿನ ಕೆಲಸ. ಇಂಡಸ್ಟ್ರಿಯಲ್ ಏರಿಯಾದಲ್ಲಿ
ಒಂದು ಕೋಣೆ, ಎಂಟು ಮಂಚ, ಮೂರು ಪಾಳಿ.
ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ.
ಎಲ್ಲ ಕೇಳಿ ಒಂದೇ ಪ್ರಶ್ನೆ:
"ಅಕ್ಕಾರ, ನನ್ನ ಕನಸು ಕಾಣ್ತೈತೇನ್ರೀ ನಿಮಗ?"
ಇಲ್ಲ, ರಕ್ತ ಎಲ್ಲಿ ಓಡುತ್ತದೆ ಅಷ್ಟೇ, ಎಂದೆ.
ನೆಮ್ಮದಿಯೋ ನಿರಾಶೆಯೋ, ಮುಖ ಹೇಳಲಿಲ್ಲ.
ಬೆಲ್ಟು, ಚಿಲ್ಲರೆ, ತೋಳಿನ ತಾಯಿತ ಬಿಚ್ಚಿ ಟ್ರೇಯಲ್ಲಿಟ್ಟ.

ಟೊಂಯ್ ಟೊಂಯ್ ಟೊಂಯ್.
ಮೈಕಿನಲ್ಲಿ ಅವನು ನಕ್ಕದ್ದು ಕೇಳಿತು:
"ನಮ್ಮಪ್ಪ ಅರಳಿ ಹಿಂಜೋ ಬಿಲ್ಲಿನ ಸಪ್ಪಳ ಇದ್ದಂಗೈತ್ರೀ."
ನಾಲ್ಕೇ ನಿಮಿಷ. ಕರೆದರೆ ಉತ್ತರವಿಲ್ಲ.

ಮೊದಲು ಹಿಂದಲೆಯ ಅಲೆಗಳು ಸಡಿಲಾದವು,
ಕೊನೇ ಗಂಟೆ ಬಾರಿಸಿದ ಶಾಲೆಯ ಸಾಲಿನ ಹಾಗೆ.
ನಡುವಿನಾಳದ ಥಲಾಮಸ್ ಎಂಬ ಹೊಸ್ತಿಲು
ಎಲ್ಲರಿಗಿಂತ ಮುಂಚೆ ಮಂಕಾಯಿತು.
ಬಾಗಿಲು ಹಾಕಿದ್ದು ಒಳಮನೆಗೆ ಗೊತ್ತಿಲ್ಲ.
ಮಿದುಳಿನ ತೊಗಟೆ ಇನ್ನೂ ಮಾತಾಡುತ್ತಲೇ ಇತ್ತು,
ಎದ್ದುಹೋದ ನೆಂಟನ ಜೊತೆ.

ಎರಡನೆಯ ಹಂತದ ಅಲೆಗೆ ಕದಿರು ಎಂದು ಹೆಸರು.
ನೂಲುವ ಕದಿರೇ. ನಡುವೆ ದಪ್ಪ, ಎರಡೂ ತುದಿ ಸಪೂರ,
ಒಂದು ಸೆಕೆಂಡು ತಿರುಗಿ ನಿಲ್ಲುತ್ತದೆ.
ಅರಳೆ ಹಿಂಜುವವನ ಮಗನ ತಲೆಯಲ್ಲಿ ಒಂದಾದ ಮೇಲೊಂದು ಕದಿರು.
ನಾನೇನೂ ಸೇರಿಸಿಲ್ಲ. ಹೆಸರು ಮೊದಲೇ ಇತ್ತು.

ಆಮೇಲೆ ದೊಡ್ಡ ಅಲೆಗಳು, ಅವಸರವಿಲ್ಲದವು.
ರಜೆಯ ಲೆಕ್ಕ, ಟಿಕೆಟಿನ ಲೆಕ್ಕ ಇಡುವ ಹಣೆ ತಣ್ಣಗಾಯಿತು.
ಮುಂದಲೆಗೂ ಹಿಂದಲೆಗೂ ಮಾತು ಕಡಿದು
ಪಕ್ಕದವರು ಪಕ್ಕದವರಲ್ಲೇ ಪಿಸುಗುಟ್ಟಿದರು,
ಎಂಟು ಮಂಚದ ಕೋಣೆಯಲ್ಲಿ ದೀಪ ಆರಿದ ಮೇಲಿನಂತೆ.
ರಕ್ತ ಸರಿದ ಜಾಗಕ್ಕೆ ತಿಳಿನೀರು ಬಂತು,
ಹೋಯಿತು, ಮತ್ತೆ ಬಂತು.
ಯಾರೋ ಅಂಗಳ ತೊಳೆಯುತ್ತಿದ್ದರು.

ಎರಡೂಮುಕ್ಕಾಲಿಗೆ ಕಣ್ಣಾಲಿಗಳು ಓಡಿದವು.
ಇಷ್ಟು ದೂರ ಯಾರೂ ಹೋಗಿರಲಿಲ್ಲ ನಮ್ಮ ಕೊಳವೆಯಲ್ಲಿ.
ನೋಡುವ ಭಾಗ ಉರಿಯಿತು, ಮುಚ್ಚಿದ ರೆಪ್ಪೆಯ ಹಿಂದೆ.
ಭಯದ ಬಾದಾಮಿಕಾಳು ಉರಿಯಿತು.
ಕೈಯಾಡಿಸುವ ಭಾಗ ಉರಿಯಿತು, ಕೈ ಅಲುಗಲಿಲ್ಲ.
ಸರಿ ತಪ್ಪು ಕೇಳುವ ಹಣೆ ಮಾತ್ರ ಕತ್ತಲು.

ಉರಿಯಿತು ಅಂದೆ. ಅದು ಸುಳ್ಳು.
ಆ ರಾತ್ರಿ ನನಗೆ ಕಂಡದ್ದು ಬೂದು,
ಹಿಂಜದ ಅರಳೆಯಂಥ ಗಂಟುಗಂಟು ಬೂದು.
ಕೆಂಪು, ಕಿತ್ತಳೆ ಎಲ್ಲ ವಾರದ ಮೇಲೆ
ಲೆಕ್ಕ ಹಾಕಿ ನಾವೇ ಹಚ್ಚಿದ್ದು.
ಹದಿಮೂರು ನಿಮಿಷ ಅವನು ಏನೋ ಕಂಡ.
ನಾನು ಅದರ ಕರೆಂಟು ಬಿಲ್ಲು ಓದುತ್ತಿದ್ದೆ.

ಹೊರಗೆಳೆದಾಗ ಕಣ್ಣುಜ್ಜಿಕೊಂಡು ಕೇಳಿದ:
"ನಿದ್ದಿ ಬಂದಿತ್ತೇನ್ರೀ ನನಗ?"
ಒಂದು ತಾಸು ನಲವತ್ತು ನಿಮಿಷ, ಎಂದೆ. ಪುರಾವೆ ಇದೆ.
ನಂಬಲಿಲ್ಲ. ತಾಯಿತ ಕಟ್ಟಿಕೊಂಡ.
ತಲೆಯಡಿಯ ದಿಂಬನ್ನು ಹೆಬ್ಬೆರಳಲ್ಲಿ ಒತ್ತಿ
ಕಸುಬುದಾರನ ಹಾಗೆ ಮುಖ ಕಿವುಚಿದ:
"ಇದ ಗಟ್ಟಿ ಆಗೇತ್ರಿ. ಒಮ್ಮೆ ಹಿಂಜಿಸ್ರಿ."